ಚಿರೇಕಲ್ಲಿನ ಚರಿತ್ರೆ ಮತ್ತು ಚದುರಿದ ಅಧ್ಯಯನಕಾರರು

ಭಟ್ಕಳದಿಂದ ಹೊನ್ನಾವರದ ಮೂಲಕ ಕುಮಟೆಗೆ ಸಾಗುವ ದಾರಿಯುದ್ದಕ್ಕೂ ಮನೆಯ ಗೋಡೆ, ಬಾವಿಕಟ್ಟೆ, ತೋಟದ ಪಾಗಾರಗಳಲ್ಲಿ ಕಾಣುವುದು ಒಂದೇ ಬಗೆಯ ಕೆಂಪುಕಲ್ಲು. ಇಲ್ಲಿನವರಿಗೆ ಅದು ಚಿರೇಕಲ್ಲು, ದಕ್ಷಿಣಕ್ಕೆ ಹೋದಂತೆ ಮುರಕಲ್ಲು, ಪಠ್ಯಪುಸ್ತಕದಲ್ಲಿ ಜಂಬಿಟ್ಟಿಗೆ, ಭೂವಿಜ್ಞಾನಿಗೆ ಲ್ಯಾಟರೈಟ್.

ಈ ಕೊನೆಯ ಹೆಸರಿನ ಹುಟ್ಟು ಭಾಷಾಧ್ಯಯನದ ದೃಷ್ಟಿಯಿಂದ ಗಮನಾರ್ಹವಾದುದು. ಈಸ್ಟ್ ಇಂಡಿಯಾ ಕಂಪನಿಯ ಆಡಳಿತದ ಆದೇಶದಂತೆ 1800ರಲ್ಲಿ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕನನ್, ಮಲಬಾರಿನ ಅಂಗಾಡಿಪುರದ ಬಳಿ ಈ ಕಲ್ಲನ್ನು ಪರಿಶೀಲಿಸಿದನು. ನೆಲದೊಳಗಿರುವಾಗ ಕಬ್ಬಿಣದ ಸಲಕರಣೆಗೆ ಸುಲಭವಾಗಿ ಒಳಗಾಗುವ ಅದು ಗಾಳಿಗೊಡ್ಡಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುವುದನ್ನು ದಾಖಲಿಸಿದನು. ಹಲವು ದೇಶಭಾಷೆಗಳಲ್ಲಿ ಅದಕ್ಕೆ ‘ಇಟ್ಟಿಗೆಕಲ್ಲು’ ಎಂಬ ಹೆಸರಿರುವುದನ್ನು ತಿಳಿದು, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ಹೊಸ ಹೆಸರನ್ನು ರೂಪಿಸಿದನು. ಎಂದರೆ, ಜಗತ್ತಿನ ಭೂವಿಜ್ಞಾನವು ಇಂದು ಬಳಸುವ ಈ ಪಾರಿಭಾಷಿಕ ಪದವು ಮೂಲತಃ ದಕ್ಷಿಣ ಭಾರತದ ಆಡುಮಾತಿನ ಅನುವಾದ. 1801ರ ಆರಂಭದಲ್ಲಿ ಬುಕನನ್ ಭಟ್ಕಳ, ಹೊನ್ನಾವರ, ಕುಮಟೆಗಳನ್ನು ಹಾದು ಉತ್ತರಕ್ಕೆ ಸಾಗಿದನು. ಅವನ ಪ್ರವಾಸಕಥನವು ಮೂರು ಸಂಪುಟಗಳಲ್ಲಿ ಲಂಡನ್ನಿನಲ್ಲಿ ಪ್ರಕಟವಾದದ್ದು 1807ರಲ್ಲಿ. ಅಲ್ಲಿನ ಭೂವೈಜ್ಞಾನಿಕ ಸಂಘವೂ ಅದೇ ವರ್ಷ ಸ್ಥಾಪನೆಯಾದುದು ಕಾಕತಾಳೀಯವಿರಬಹುದು.

ಕನ್ನಡ ವಿಭಾಗಗಳು ಈ ಕಥನವನ್ನು ಜಾತಿ, ಬೇಸಾಯ, ಬಸದಿಗಳ ವಿವರಗಳಿಗಾಗಿ ಓದಿವೆ. ಭೂವಿಜ್ಞಾನಿಗಳು ಬಹುಮಟ್ಟಿಗೆ ಆ ಒಂದು ಪದಕ್ಕಾಗಿ ಓದಿದ್ದಾರೆ. ಯಾಣದ ಬಗೆಗೂ ಹೀಗೆಯೇ: ಭಸ್ಮಾಸುರನ ಸ್ಥಳಪುರಾಣ ಜಾನಪದ ವಿದ್ವಾಂಸರ ಪಾಲು, ಸುಣ್ಣಕಲ್ಲಿನ ಶಿಖರ ಭೂವಿಜ್ಞಾನಿಗಳ ಪಾಲು.

ಆಕರಗಳು ಚದುರಿಹೋಗಿರುವುದಕ್ಕೆ ಆಡಳಿತದ ಇತಿಹಾಸವೂ ಕಾರಣ. ಉತ್ತರ ಕನ್ನಡವು 1862ರವರೆಗೆ ಮದರಾಸು ಪ್ರಾಂತಕ್ಕೆ, ಅನಂತರ ಮುಂಬಯಿಗೆ ಸೇರಿತ್ತು; 1956ರಲ್ಲಷ್ಟೇ ಮೈಸೂರು ರಾಜ್ಯದೊಳಕ್ಕೆ ಬಂದಿತು. 1894ರಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ಹಳೆಯ ವರದಿಗಳು ಸಂಸ್ಥಾನಕ್ಕೆ ಸೀಮಿತವಾದವು. ಈ ಕರಾವಳಿಯನ್ನು ಅರಸುವವರು 1883ರ ಮುಂಬಯಿ ಗೆಜೆಟಿಯರಿನ ಕೆನರಾ ಸಂಪುಟವನ್ನು ತೆರೆಯಬೇಕು.

ಭೂವಿಜ್ಞಾನದ ಇತಿಹಾಸಕ್ಕೆಂದೇ ಮೀಸಲಾದ ಅಂತಾರಾಷ್ಟ್ರೀಯ ಆಯೋಗವೊಂದು 1967ರಲ್ಲಿ ಸ್ಥಾಪನೆಗೊಂಡಿತು. ಈ ಮೂರು ತಾಲ್ಲೂಕುಗಳಿಗೆ ಅಷ್ಟು ದೊಡ್ಡ ವ್ಯವಸ್ಥೆ ಬೇಕಿಲ್ಲ. ಕನ್ನಡ ಅಧ್ಯಾಪಕರು, ಭೂವಿಜ್ಞಾನದ ಅಧ್ಯಾಪಕರು, ಪತ್ರಾಗಾರದ ಸಂಶೋಧಕರು ಅಂತರಜಾಲದ ಮೂಲಕ ಪರಸ್ಪರ ಸಂಪರ್ಕದಲ್ಲಿದ್ದರೆ ಸಾಕು. ಬುಕನನ್ನನ ಸಂಪುಟಗಳಂತೂ ಈಗ ಗಣಕದ ಪರದೆಯ ಮೇಲೆಯೇ ದೊರೆಯುತ್ತವೆ. ದೊರೆಯದಿರುವುದು ಕಲ್ಲುಕ್ವಾರಿಯ ಮಾತು. ಕೈಯಿಂದ ಕಲ್ಲು ಕಡಿಯುತ್ತಿದ್ದವರು ಪದರದ ಬಣ್ಣ, ಗಡಸು, ನೀರು ಹಿಡಿಯುವ ಗುಣಗಳನ್ನು ಬಲ್ಲವರಾಗಿದ್ದರು. ಯಂತ್ರದ ಗರಗಸಕ್ಕೆ ಆ ಸೂಕ್ಷ್ಮ ಭೇದಗಳ ಹಂಗಿಲ್ಲ. ಆ ತಲೆಮಾರಿನವರಿರುವಾಗಲೇ ಭಟ್ಕಳದಿಂದ ಕುಮಟೆಯವರೆಗಿನ ಶಿಲಾಪದಗಳ ಸಂಗ್ರಹ ನಡೆಯಬೇಕು. ಪದಕೋಶದ ಕ್ರಮ ಇಲ್ಲಿ ಸಾಲದು. ಪ್ರತಿಯೊಂದು ಪದದ ಜೊತೆಗೆ ಅದು ದೊರೆತ ಕ್ವಾರಿಯ ಕಲ್ಲಿನ ತುಣುಕನ್ನೂ ತೆಗೆದಿರಿಸಬೇಕಾಗುತ್ತದೆ.