ಅಪ್ಪ ಕಿತ್ತ ಹುಲ್ಲು

ಮನೆ ಕಟ್ಟಿ ಮುಗಿದ ಮೇಲೆ ಬೀದಿಯ ಕಡೆಗೆ 15 ಅಡಿ ಉದ್ದ, 12 ಅಡಿ ಅಗಲದ ತುಣುಕು ನೆಲವೊಂದು ಉಳಿದುಕೊಂಡಿತು. ಇಟ್ಟಿಗೆಯ ಚೂರು, ಒಣಗಿದ ಗಾರೆ, ಬಡಗಿಯವರು ಬಿಟ್ಟುಹೋದ ಮರದ ಹೊಟ್ಟು ಇವೆಲ್ಲದರ ಸಮಾಧಿಯಂತಿದ್ದ ಆ ನೆಲಕ್ಕೆ ಹಸಿರು ಹೊದಿಸಬೇಕೆಂಬ ಆಸೆ ನನ್ನಲ್ಲಿ ಅಂಕುರಿಸಿದ್ದು ಸ್ವಂತ ಬುದ್ಧಿಯಿಂದಲ್ಲ. ಎದುರುಮನೆಯ ನಿವೃತ್ತ ಇಂಜಿನಿಯರರು ದಿನವೂ ಸಂಜೆ ತಮ್ಮ ಹುಲ್ಲುಹಾಸಿನ ಮೇಲೆ ಬೆತ್ತದ ಕುರ್ಚಿ ಹಾಕಿಸಿಕೊಂಡು, ಕಾಲ ಮೇಲೆ ಕಾಲಿಟ್ಟು ಪತ್ರಿಕೆ ಓದುತ್ತಿದ್ದ ಭಂಗಿಯನ್ನು ನಮ್ಮ ಕಿಟಕಿಯಿಂದ ನೋಡಿ ನೋಡಿ ಹುಟ್ಟಿದ ಅಸೂಯೆಯಿಂದ.

ನರ್ಸರಿಯವನು ಮೂರು ಬಗೆಯನ್ನು ತೋರಿಸಿದ. ಒಂದು, ಸೂಜಿಯಂತಹ ಎಲೆಯುಳ್ಳ, ಮೆಟ್ಟಿದರೆ ಹಾಸಿಗೆಯಂತೆ ಅದುಮಿ ಏಳುವ, ಬಹು ನಿಧಾನವಾಗಿ ಹಬ್ಬುವ ಮೆಕ್ಸಿಕನ್ ಹುಲ್ಲು. ಹೆಸರು ಮೆಕ್ಸಿಕೋ ದೇಶದ್ದಾದರೂ ಅದರ ಕುಲಮೂಲವಿರುವುದು ಏಷ್ಯದ ಪೂರ್ವ ದಿಕ್ಕಿನಲ್ಲಿ. ಎರಡನೆಯದು ನೆರಳನ್ನು ಸಹಿಸಬಲ್ಲ ಅಗಲ ಎಲೆಯ ಒರಟು ಹುಲ್ಲು. "ಮೂರನೇದು ನಮ್ಮ ಗರಿಕೆ, ಸ್ವಾಮಿ. ಬಿಸಿಲೊಂದು ಕೊಡಿ, ಬೇರೆ ಏನೂ ಕೇಳೋದಿಲ್ಲ" ಎಂದು ಹೇಳಿ, ಚೀಲಕ್ಕೆ ಇಷ್ಟೆಂದು ಬೆಲೆಯನ್ನೂ ಹೇಳಿದ. ಗರಿಕೆಗೆ ಬೆಲೆ! ನನಗೆ ನಗು ತಡೆಯಲಾಗಲಿಲ್ಲ. ಅವನು ನಾನು ಚೌಕಾಸಿಗೆ ಪೀಠಿಕೆ ಹಾಕುತ್ತಿರುವೆನೆಂದು ತಿಳಿದು ಎಂಟಾಣೆ ಇಳಿಸಿದ.

ನಗೆಗೆ ಕಾರಣ ಬೇರೆಯಿತ್ತು. ತುಮಕೂರು ಸೀಮೆಯ ಎರಡೆಕರೆ ರಾಗಿಯ ಹೊಲದಲ್ಲಿ ನನ್ನ ತಂದೆಯವರು ತಮ್ಮ ಆಯುಸ್ಸಿನ ಬಹುಭಾಗವನ್ನು ಈ ಒಂದು ಹುಲ್ಲಿನೊಡನೆ ಹೋರಾಡಿ ಕಳೆದವರು. ಮಿಕ್ಕ ಕಳೆಗಳು ಕುಂಟೆಗೆ ಬಗ್ಗುತ್ತವೆ, ಕೈಗೆ ಬರುತ್ತವೆ. ಗರಿಕೆಯಾದರೋ ನೆಲದ ಮೇಲೆ ಒಂದು ಬಳ್ಳಿಯನ್ನೂ ನೆಲದೊಳಗೆ ಇನ್ನೊಂದು ಬಳ್ಳಿಯನ್ನೂ ಓಡಿಸುತ್ತ, ಗೆಣ್ಣು ಗೆಣ್ಣಿಗೂ ಬೇರೂರುತ್ತ ಹೋಗುವ ಪ್ರಾಣಿ. ನೇಗಿಲಿನಿಂದ ಅದನ್ನು ಹತ್ತು ತುಂಡು ಮಾಡಿದರೆ ಹತ್ತು ಗರಿಕೆ ಮಾಡಿಕೊಟ್ಟಂತೆಯೇ ಸರಿ. ಆದುದರಿಂದ ಸುಗ್ಗಿ ಮುಗಿದೊಡನೆ ಮಾಗಿ ಉಳುಮೆ ಮಾಡಿ, ಮೇಲೆ ಬಂದ ಬೇರುಗಳನ್ನು ಆರಿಸಿ ಬದುವಿನ ಮೇಲೆ ಬಿಸಿಲಿಗೆ ಹಾಕಿ, ಎರಡು ದಿನಕ್ಕೊಮ್ಮೆ ಮಗುಚಿ, ಪೂರ್ತಿ ಒಣಗಿತೆಂದು ಖಾತ್ರಿಯಾಗುವವರೆಗೂ ಅಪ್ಪ ಅದನ್ನು ನಂಬುತ್ತಿರಲಿಲ್ಲ. ಮದುವೆಮನೆಗಳಲ್ಲಿ ಹಿರಿಯರು ವಂಶವು ಗರಿಕೆಯಂತೆ ಹಬ್ಬಲೆಂದು ಹರಸುವಾಗ, "ಹರಸಿದವನು ಹೊಲ ಉತ್ತವನಲ್ಲ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅದೇ ಅಪ್ಪ ಭಾದ್ರಪದದ ಚೌತಿಯ ಬೆಳಿಗ್ಗೆ ಮಡಿಯುಟ್ಟು ಬದುವಿಗೆ ಹೋಗಿ, ಮೂರು ಎಸಳಿನ ಎಳೆಯ ಕುಡಿಗಳನ್ನೇ ಹುಡುಕಿ, ಇಪ್ಪತ್ತೊಂದನ್ನು ಎಣಿಸಿ ತರುತ್ತಿದ್ದರೆಂಬುದನ್ನೂ ಹೇಳದಿದ್ದರೆ ಅನ್ಯಾಯವಾದೀತು.

ಬಾಲ್ಯದಲ್ಲಿ ಒಮ್ಮೆ ಅವರು ನನ್ನನ್ನು ಬೆಂಗಳೂರಿನ ಲಾಲ್‌ಬಾಗಿಗೆ ಕರೆತಂದಿದ್ದರು. 1889ರಲ್ಲಿ ಅಡಿಗಲ್ಲು ಹಾಕಿದ ಗಾಜಿನ ಮನೆಯನ್ನು ನಾನು ಬಾಯ್ತೆರೆದು ನೋಡುತ್ತಿದ್ದರೆ, ಅಪ್ಪನ ಕಣ್ಣು ಮಾತ್ರ ಹುಲ್ಲಿನ ಮೇಲೆ ಸಾಲಾಗಿ ಕುಕ್ಕರಗಾಲಿನಲ್ಲಿ ಕುಳಿತ ಹೆಣ್ಣಾಳುಗಳ ಮೇಲಿತ್ತು. ಅವರು ಸೊಪ್ಪುಸದೆಯನ್ನು ಕಿತ್ತು, ಹುಲ್ಲನ್ನು ಜೋಪಾನವಾಗಿ ಉಳಿಸುತ್ತಿದ್ದರು. "ನೋಡೋ, ಕಳೆಗೇ ಕಳೆ ತೆಗೀತಾರೆ!" ಎಂದು ಅಪ್ಪ ಬೆರಗಾದರು. ಹೈದರಾಲಿಯು 1760ರಲ್ಲಿ ತೊಡಗಿಸಿದ ಆ ತೋಟಕ್ಕೆ 1908ರಲ್ಲಿ ಜರ್ಮನಿಯ ತೋಟಗಾರಿಕೆ ತಜ್ಞ ಕ್ರುಂಬಿಗಲ್ಲರು ಬಂದು ಮಾಡಿದ ಉಪಕಾರಗಳ ಕಥೆಯನ್ನು ನಾನು ಮುಂದೆ ಪುಸ್ತಕಗಳಲ್ಲಿ ಓದಿದೆನಾದರೂ, ಲಾಲ್‌ಬಾಗ್ ಎಂದೊಡನೆ ಮೊದಲು ನೆನಪಾಗುವುದು ಅಪ್ಪನ ಆ ಬೆರಗೇ.

ಆ ಬೆರಗು ಅಜ್ಞಾನದ್ದಲ್ಲವೆಂದು ತಿಳಿಯಲು ನನಗೆ ಬಹುಕಾಲ ಹಿಡಿಯಿತು. ಹುಲ್ಲುಹಾಸೆಂಬುದು ಇಂಗ್ಲೆಂಡಿನ ಜಹಗೀರುದಾರರ ಬಂಗಲೆಗಳ ಮುಂದೆ ಮೆರೆದ ವಸ್ತು. ಉತ್ತು ಬಿತ್ತಿ ಉಣ್ಣಬಹುದಾದ ನೆಲವನ್ನು ಸುಮ್ಮನೆ ಬಿಟ್ಟಿರಬಲ್ಲೆನೆಂಬ ಐಶ್ವರ್ಯದ ಘೋಷಣೆ. ಅದನ್ನು ಸಮನಾಗಿ ಇಡಲು ಒಂದೋ ಕುರಿಗಳು ಮೇಯಬೇಕಾಗಿತ್ತು, ಇಲ್ಲವೇ ನಸುಕಿನ ಇಬ್ಬನಿ ಆರುವ ಮುನ್ನ ಉದ್ದ ಹಿಡಿಯ ಕುಡುಗೋಲು ಬೀಸುವ ಆಳುಗಳ ಪಡೆ ಬೇಕಾಗಿತ್ತು. 1830ರಲ್ಲಿ ಗ್ಲಾಸ್ಟರ್‌ಷೈರ್ ಪ್ರಾಂತದ ಎಡ್ವಿನ್ ಬಡ್ಡಿಂಗ್ ಎಂಬಾತನು, ಉಣ್ಣೆಯ ಬಟ್ಟೆಯ ಮೇಲಿನ ಜುಂಗನ್ನು ಸಮನಾಗಿ ಕತ್ತರಿಸುವ ಗಿರಣಿಯ ಯಂತ್ರವನ್ನು ಕಂಡು, ಬಟ್ಟೆಗೆ ಒಗ್ಗುವುದು ಹುಲ್ಲಿಗೇಕೆ ಒಗ್ಗದೆಂದು ಯೋಚಿಸಿ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಅಲ್ಲಿಂದೀಚೆಗೆ ಕುರಿಯಿಲ್ಲದ, ಆಳಿಲ್ಲದ ನನ್ನಂಥವರಿಗೂ ಜಹಗೀರುದಾರಿಯ ಚಪಲ ಸಾಧ್ಯವಾಯಿತು.

ಗರಿಕೆಯನ್ನೇ ಕೊಂಡೆ. ಒಂದಡಿ ಆಳ ಅಗೆಸಿ, ಗಾರೆಯ ಚೂರುಗಳನ್ನು ಜರಡಿ ಹಿಡಿಸಿ, ಕೊಟ್ಟಿಗೆ ಗೊಬ್ಬರವನ್ನೂ ಗಾಡಿಯವನು ತಂದ ಕೆಮ್ಮಣ್ಣನ್ನೂ ಬೆರೆಸಿ ಮಟ್ಟ ಮಾಡಿಸಿದೆ. ನೆಡುವ ಮುನ್ನ ನೀರು ಕಟ್ಟಿ ಎರಡು ವಾರ ಕಾಯಬೇಕು, ಮಣ್ಣಿನಲ್ಲಿ ಅಡಗಿದ ಕಳೆಗಳೆಲ್ಲ ತಲೆಯೆತ್ತಿದಾಗ ಕಿತ್ತೊಗೆಯಬೇಕೆಂದು ಇಂಜಿನಿಯರರು ಹೇಳಿದ್ದು ಸರಿಯಾಗಿಯೇ ಇದ್ದಿತು. ಕೆಮ್ಮಣ್ಣಿನೊಡನೆ ಬಿಟ್ಟಿಯಾಗಿ ಬಂದಿದ್ದ ಕೊನ್ನಾರಿ ಗಡ್ಡೆ ಹತ್ತೇ ದಿನದಲ್ಲಿ ಬಾಣಗಳ ಸಾಲಿನಂತೆ ಎದ್ದಿತು. ಮೇಲೆ ಹಿಡಿದೆಳೆದರೆ ಎಲೆ ಕೈಗೆ, ಗಡ್ಡೆ ನೆಲಕ್ಕೆ. ಬೆರಳು ತೂರಿಸಿ ಒಂದೊಂದಾಗಿ ತೆಗೆದೆ. ಇಂದಿಗೂ ತೆಗೆಯುತ್ತಲೇ ಇದ್ದೇನೆ.

ಗರಿಕೆಯನ್ನು ಗುಳಿ ಗುಳಿಯಾಗಿ ಅಂಗೈಯಗಲದ ಅಂತರದಲ್ಲಿ ನೆಡುವ ಕ್ರಮವೊಂದುಂಟು. ಬೇರಿನ ಬಳ್ಳಿಗಳನ್ನು ಎರಡಂಗುಲದ ತುಂಡುಗಳಾಗಿ ಕೊಚ್ಚಿ, ಸಗಣಿ ಮತ್ತು ಮಣ್ಣಿನ ರಾಡಿಯಲ್ಲಿ ಕಲಸಿ ನೆಲದ ಮೇಲೆ ಬಳಿಯುವ ಕ್ರಮ ಇನ್ನೊಂದುಂಟು. ತೋಟಗಾರಿಕೆಯ ಪುಸ್ತಕಗಳು ಇದಕ್ಕೆ ಗಂಭೀರವಾದ ಹೆಸರನ್ನಿಟ್ಟಿವೆ. ಮಂಡಿಯೂರಿ ಬಳಿಯುತ್ತಿದ್ದ ನನ್ನನ್ನು ಬಾಗಿಲಲ್ಲಿ ನಿಂತು ನೋಡಿದ ಮನೆಯಾಕೆ, "ಅಂಗಳ ಸಾರಿಸೋದಕ್ಕೆ ಇಷ್ಟು ದಿನ ಯೋಚನೆ ಮಾಡಿದಿರಾ?" ಎಂದಳು. ಹದಿನೈದು ದಿನಗಳಲ್ಲಿ ಆ ಸಗಣಿಯ ಚಾಪೆಯಿಂದ ಹಸಿರು ಸೂಜಿಗಳು ಮೂಡಿದವು. ಬೇರು ನೆಲ ಕಚ್ಚುವ ತನಕ ಯಂತ್ರವನ್ನು ಓಡಿಸಬಾರದಾದ್ದರಿಂದ ಮೊದಲ ಕೊಯ್ಲು ಕುಡುಗೋಲಿನಲ್ಲಿಯೇ ಆಯಿತು. ಪಕ್ಕದವರ ಮಾವಿನ ಮರದ ನೆರಳು ಬೀಳುವ ಮೂಲೆಗೆ ಮಾತ್ರ ಗರಿಕೆ ಹೋಗಲೊಲ್ಲದು. ಗೆರೆ ಕೊಯ್ದಂತೆ ನೆರಳಿನ ಅಂಚಿಗೆ ಬಂದು ನಿಲ್ಲುತ್ತದೆ. ಆ ಮೂಲೆಗೆ ಒಂದು ಕಲ್ಲುಬೆಂಚು ಹಾಕಿಸಿ, ಅದೇ ನನ್ನ ಮೊದಲ ಉದ್ದೇಶವಾಗಿತ್ತೆಂದು ಇಂಜಿನಿಯರರಿಗೆ ಹೇಳಿದ್ದೇನೆ.

ಗೌರಿಹಬ್ಬಕ್ಕೆ ಅಪ್ಪ ಊರಿನಿಂದ ಬಂದರು. ಮರುದಿನ ಚೌತಿ. ಬೆಳಿಗ್ಗೆ ಕಾಫಿಯ ಲೋಟ ಹಿಡಿದು ಹೊರಗೆ ಬಂದು ನೋಡಿದರೆ, ಪಂಚೆ ಎತ್ತಿಕಟ್ಟಿ ಹುಲ್ಲುಹಾಸಿನ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದಾರೆ. ಎರಡು ಚದರಡಿ ನೆಲ ಆಗಲೇ ಬೋಳಾಗಿದೆ. ಕಿತ್ತ ಗರಿಕೆಯೆಲ್ಲ ಮಣ್ಣು ಕೊಡವಿಸಿಕೊಂಡು, ಬೇರು ಮೇಲಾಗಿ ಕಾಂಪೌಂಡು ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿದೆ.

"ಆಳು ಸಿಗಲಿಲ್ಲವೇನೋ? ಎಷ್ಟು ಹಬ್ಬೋಕೆ ಬಿಟ್ಟಿದೀಯ!" ಎಂದರು.

ಚೀಲದ ಬೆಲೆ ನಾಲಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟರಲ್ಲಿ ಮನೆಯಾಕೆ ಪೂಜೆಗೆಂದು ತಟ್ಟೆ ಹಿಡಿದು ಬಂದಳು, ನನ್ನ ಮುಖವನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿದಳು. "ಮಾವ ಆಗಲೇ ಕಿತ್ತಿಟ್ಟಿದಾರೆ" ಎಂದು ಆ ರಾಶಿಯಿಂದಲೇ ಮೂರು ಎಸಳಿನ ಕುಡಿಗಳನ್ನು ಆಯತೊಡಗಿದಳು. ಇಪ್ಪತ್ತೊಂದಾಗುವ ತನಕ ಅಪ್ಪನೂ ಜೊತೆಗೆ ಎಣಿಸಿದರು. ಅನಂತರ ಮಿಕ್ಕುದನ್ನು ಬಿಸಿಲಿಗೆ ಇನ್ನೊಮ್ಮೆ ಮಗುಚಿಹಾಕಿದರು.