ಮಾಗಡಿ ರಸ್ತೆ ಎಲ್ಲಿದೆ?

ಕಳೆದ ವರ್ಷ ಒಂದು ಸಂಜೆ ವಾಟ್ಸಾಪ್‌ನಲ್ಲಿ ಒಂದು ಸಾಲು ಓಡಾಡಿತು: 'ಮಾಗಡಿ ರಸ್ತೆಯಲ್ಲಿ ಅಪಘಾತ, ಇಬ್ಬರ ಸ್ಥಿತಿ ಗಂಭೀರ'. ಅಷ್ಟೇ. ಹತ್ತು ನಿಮಿಷದಲ್ಲಿ ಮಾಗಡಿ ಕಡೆಯ ನಮ್ಮ ದೊಡ್ಡಮ್ಮನ ಫೋನ್ ಬಂತು. 'ನಮ್ ಹುಡುಗ ಬಸ್ಸಲ್ಲಿ ಬತ್ತಾವ್ನೆ ಕಣಪ್ಪ, ಫೋನ್ ಎತ್ತುತಿಲ್ಲ. ಯಾವ ತಾವ ಆಗಿರೋದು?'

ಅಪಘಾತ ಆಗಿದ್ದು ಬೆಂಗಳೂರಿನ ಒಳಗೆ, ಮೆಟ್ರೊ ಕಂಬದ ಪಕ್ಕ. ನಮ್ಮವನು ಆಗಲೇ ತಾವರೆಕೆರೆ ದಾಟಿದ್ದ. ಫೋನ್ ಚಾರ್ಜ್ ಮುಗಿದಿತ್ತು, ಅಷ್ಟೇ.

ಬೆಂಗಳೂರಿನವರಿಗೆ ಮಾಗಡಿ ರಸ್ತೆ ಅಂದರೆ ಅವರ ಊರೊಳಗಿನ ಒಂದು ಬಡಾವಣೆ. ಆ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ನಮಗೆ ಅದು ಮನೆಗೆ ಬರುವ ದಾರಿ. ಕನಕಪುರ ರಸ್ತೆಯ ಕತೆಯೂ ಇದೇ. ಆ ಸಾಲು ಬರೆದವರು 'ಬೆಂಗಳೂರಿನ' ಎಂಬ ಒಂದು ಪದ ಮುಂದೆ ಸೇರಿಸಿದ್ದರೆ ದೊಡ್ಡಮ್ಮ ಒಂದು ಗಂಟೆ ಬಾಗಿಲಲ್ಲಿ ನಿಲ್ಲಬೇಕಿರಲಿಲ್ಲ.

ಡಿಪ್ಲೊಮಾ ಓದುವಾಗ ನಮಗೆ ಇಂಗ್ಲಿಷಿನ ಇನ್, ಆನ್, ಅಟ್ ಪಟ್ಟಿ ಬಾಯಿಪಾಠ ಮಾಡಿಸಿದ್ದರು. ಅವು ಹೆಸರಿಗೆ ಮೊದಲು ಬರುತ್ತವೆ. ಕನ್ನಡದಲ್ಲಿ ಆ ಕೆಲಸ ಮಾಡುವುದು ಹೆಸರಿನ ಬಾಲ. ರಾಮನಗರದಲ್ಲಿ, ರಾಮನಗರದಿಂದ, ರಾಮನಗರಕ್ಕೆ, ರಾಮನಗರದ. ಬಾಲ ಸಾಲದಿದ್ದರೆ ಬಳಿ, ಮೇಲೆ, ವರೆಗೆ, ಮೂಲಕ, ವಿರುದ್ಧ ಇತ್ಯಾದಿ ಪದ ಹಿಂದೆ ಸೇರುತ್ತವೆ. ನಮ್ಮ ಕಡೆ ಮಾತಲ್ಲಿ ಬಳಿ ಎನ್ನಲು 'ತಾವ', ವರೆಗೆ ಎನ್ನಲು 'ಗಂಟ'. ಶಾಲೆಯಲ್ಲಿ ಇದನ್ನು ವಿಭಕ್ತಿ ಎಂದು ಕಲಿತೆವು, ಪರೀಕ್ಷೆ ಮುಗಿದ ಮೇಲೆ ಮರೆತೆವು.

ಅಲ್ಲಿ ಪಂಚಮಿ ವಿಭಕ್ತಿಗೆ 'ದೆಸೆಯಿಂದ' ಎಂದು ಬರೆಸುತ್ತಿದ್ದರು. ಯಾರೂ 'ಮರದ ದೆಸೆಯಿಂದ ಎಲೆ ಬಿತ್ತು' ಅನ್ನುವುದಿಲ್ಲ. ಊರಲ್ಲಿ ಆ ಪದ ಉಳಿದಿರುವುದು ಬೈಗುಳದಲ್ಲಿ: 'ನಿನ್ ದೆಸೆಯಿಂದ ನಮ್ ಮನೆ ಹಾಳಾಯ್ತು.' ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಸುರಿಯಬಾರದು ಎಂದು ಡಿ.ಎನ್. ಶಂಕರ ಭಟ್ಟರು ವರ್ಷಗಟ್ಟಲೆ ಬರೆದರು. 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಎಂಬ ಅವರ ಪುಸ್ತಕದ ಹೆಸರೇ ಎಲ್ಲ ಹೇಳುತ್ತದೆ.

ಸುದ್ದಿ ಬರೆಯುವವರಿಗೆ ಇದರಿಂದ ಆಗುವ ತೊಂದರೆ ಬೇರೆ. ನಮ್ಮ 'ಇಂದ' ಒಂದೇ ಪದ, ಮಾಡುವ ಕೆಲಸ ಹಲವು. 'ಅರಣ್ಯ ಇಲಾಖೆಯಿಂದ ಆನೆಗಳಿಂದ ರೈತರ ರಕ್ಷಣೆ' ಎಂದು ಬರೆದರೆ, ಇಲಾಖೆಯಿಂದ ತಪ್ಪಿಸಿ ಕಾಪಾಡಿದವರು ಯಾರು ಎಂದು ನಗಬೇಕಾಗುತ್ತದೆ. ಕೆಲಸ ಮಾಡಿದವರನ್ನು ಬಾಲ ಕತ್ತರಿಸಿ ನಿಲ್ಲಿಸಿ: 'ಆನೆಗಳಿಂದ ರೈತರನ್ನು ಅರಣ್ಯ ಇಲಾಖೆ ಕಾಪಾಡಬೇಕು.' ಪ್ರಕಟಣೆಗಳಲ್ಲಿ ಬರುವ 'ವತಿಯಿಂದ' ಎಂಬ ಪದಕ್ಕೂ ಇದೇ ಔಷಧ. 'ಪಂಚಾಯಿತಿ ವತಿಯಿಂದ ಚರಂಡಿ ಸ್ವಚ್ಛಗೊಳಿಸಲಾಯಿತು' ಅನ್ನುವ ಬದಲು 'ಪಂಚಾಯಿತಿ ಚರಂಡಿ ಸ್ವಚ್ಛಗೊಳಿಸಿತು' ಸಾಕು. ಆಗ ಮಾಡಿಲ್ಲದಿದ್ದರೆ ಕೇಳುವುದೂ ಸುಲಭ.

ಇನ್ನು ಬಾಲ ಹಚ್ಚಿದ ಪದ ಎಲ್ಲಿ ಕೂರಬೇಕು ಎನ್ನುವುದು. ಈ ತಲೆಬರಹ ನೋಡಿ: 'ಚನ್ನಪಟ್ಟಣದಲ್ಲಿ ಕಳವಾದ ಬೈಕ್ ಮಾರುತ್ತಿದ್ದವನ ಬಂಧನ'. ಕಳವಾಗಿದ್ದು ಚನ್ನಪಟ್ಟಣದಲ್ಲೋ, ಮಾರಿದ್ದು ಅಲ್ಲೋ, ಹಿಡಿದಿದ್ದು ಅಲ್ಲೋ? ಬೈಕ್ ಕಳೆದುಕೊಂಡವನು ಯಾವ ಠಾಣೆಗೆ ಹೋಗಬೇಕು? ಕನ್ನಡದಲ್ಲಿ 'ಎಲ್ಲಿ' ಎಂಬುದು ಸಾಮಾನ್ಯವಾಗಿ ತನ್ನ ಮುಂದೆ ಮೊದಲು ಸಿಗುವ ಕ್ರಿಯೆಗೆ ಅಂಟಿಕೊಳ್ಳುತ್ತದೆ. 'ಕಳವಾದ', 'ಮಾರುತ್ತಿದ್ದ' ಎಂಬವೂ ಕ್ರಿಯೆಗಳೇ. ಹಾಗಾಗಿ ಪ್ರತಿಯೊಂದರ ಹಿಂದೆ ಅದರದರ ಊರನ್ನು ಕೂರಿಸಿ: 'ಮಂಡ್ಯದಲ್ಲಿ ಕಳವಾಗಿದ್ದ ಬೈಕನ್ನು ಚನ್ನಪಟ್ಟಣದಲ್ಲಿ ಮಾರುತ್ತಿದ್ದ ವ್ಯಕ್ತಿಯನ್ನು ಪೊಲೀಸರು ರಾಮನಗರದ ಬಳಿ ಹಿಡಿದಿದ್ದಾರೆ.' ಉದ್ದವಾಯಿತು ನಿಜ. ಎರಡು ವಾಕ್ಯ ಮಾಡಿ, ಯಾರೂ ಬೇಡ ಅನ್ನುವುದಿಲ್ಲ.

ಒಂದೇ ಅಕ್ಷರದ ಬಾಲವೂ ಹೊಟ್ಟೆಪಾಡಿನ ಮಾತಾಗುತ್ತದೆ. 'ಚನ್ನಪಟ್ಟಣದ ಬೊಂಬೆ' ಬೇರೆ, 'ಚನ್ನಪಟ್ಟಣದಲ್ಲಿ ಸಿಗುವ ಬೊಂಬೆ' ಬೇರೆ. ಮೊದಲನೆಯದು ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಇಲ್ಲಿನವರು ಮಾಡಿದ್ದು. ಅದಕ್ಕೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಎರಡನೆಯದು ಎಲ್ಲಿಂದಲೋ ಬಂದ ಪ್ಲಾಸ್ಟಿಕ್ ಗೊಂಬೆಯೂ ಆಗಿರಬಹುದು. ಹೆದ್ದಾರಿ ಪಕ್ಕದ ಅಂಗಡಿಯ ಬಗ್ಗೆ ಬರೆಯುವಾಗ ಈ ಎರಡನ್ನೂ ಒಂದೇ ಮಾಡಿದರೆ ಪೆಟ್ಟು ಬೀಳುವುದು ಮರ ಕಡೆಯುವವನಿಗೆ.

ನಮ್ಮ ಜಿಲ್ಲೆಯ ಹೆಸರೇ ಈಗ ಹೊಸ ತಲೆನೋವು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಆಯಿತು. 2025ರಲ್ಲಿ ಅದು ಬೆಂಗಳೂರು ದಕ್ಷಿಣ ಜಿಲ್ಲೆ ಎಂದಾಯಿತು. ಹೆಸರು ಸರಿಯೋ ತಪ್ಪೋ ಎಂಬ ಜಗಳ ಟೀ ಅಂಗಡಿಗೆ ಬಿಡೋಣ. ಆದರೆ ಬೆಂಗಳೂರು ದಕ್ಷಿಣ ಎಂಬ ಲೋಕಸಭಾ ಕ್ಷೇತ್ರ ಮೊದಲೇ ಇದೆ, ವಿಧಾನಸಭಾ ಕ್ಷೇತ್ರ ಇದೆ, ಬೆಂಗಳೂರು ನಗರ ಜಿಲ್ಲೆಯಲ್ಲಿ ಅದೇ ಹೆಸರಿನ ತಾಲ್ಲೂಕೂ ಇದೆ. 'ಬೆಂಗಳೂರು ದಕ್ಷಿಣದಲ್ಲಿ ಕುಡಿಯುವ ನೀರಿಗೆ ಹಣ' ಎಂದು ಓದಿದ ಸಾತನೂರಿನವರು ಖುಷಿಪಡಬೇಕೋ ಬೇಡವೋ? 'ಬೆಂಗಳೂರು ದಕ್ಷಿಣ ಜಿಲ್ಲೆಯ ಕನಕಪುರ ತಾಲ್ಲೂಕಿನಲ್ಲಿ' ಎಂದು ಪೂರ್ತಿ ಬರೆಯದೆ ಬೇರೆ ದಾರಿ ಇಲ್ಲ.

ಇದೆಲ್ಲ ಪತ್ರಕರ್ತರ ರಗಳೆ ಅನ್ನಬೇಡಿ. ನಿಮ್ಮ ಮನೆಯ ಕ್ರಯಪತ್ರ ತೆಗೆದು ಚೆಕ್ಕುಬಂದಿ ಓದಿ. ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ. 'ಪೂರ್ವಕ್ಕೆ ಹಳ್ಳ' ಅಂದರೆ ಹಳ್ಳ ನಿಮ್ಮ ಗಡಿಯ ಆಚೆ. 'ಪೂರ್ವದಲ್ಲಿ ಹಳ್ಳ' ಎಂದು ಬರೆದರೆ ಅದು ನಿಮ್ಮ ಹೊಲದೊಳಗೇ ಇದೆ ಎಂದು ವಾದಿಸಲು ಜಾಗ ಸಿಗುತ್ತದೆ. ಪತ್ರ ಬರೆಯುವ ಹಳಬರು ಆ 'ಕ್ಕೆ'ಯನ್ನು ಸುಮ್ಮನೆ ಹಿಡಿದುಕೊಂಡಿಲ್ಲ.

ಇತ್ತೀಚೆಗೆ ಮಾಗಡಿ ತಾಲ್ಲೂಕಿನ ಒಬ್ಬ ಯಜಮಾನರು ಒಂದು ಅರ್ಜಿ ಹಿಡಿದು ಬಂದರು. ಹೊಲಕ್ಕೆ ಹೋಗುವ ದಾರಿ ಮುಚ್ಚಿದ್ದಾರೆ, ತಹಶೀಲ್ದಾರರಿಗೆ ಕೊಡಬೇಕು, ಒಮ್ಮೆ ನೋಡು ಅಂದರು. ಕಂಪ್ಯೂಟರ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಸಾಲು ಹೀಗಿತ್ತು: 'ಗ್ರಾಮ ನಕ್ಷೆಯಲ್ಲಿರುವ ಹಳ್ಳದ ಪಕ್ಕದ ಜಮೀನಿನವರು ಮುಚ್ಚಿರುವ ದಾರಿಯನ್ನು ಬಿಡಿಸಿಕೊಡುವ ನಿಟ್ಟಿನಲ್ಲಿ ಕ್ರಮ ಕೈಗೊಳ್ಳಬೇಕು.'

ನಕ್ಷೆಯಲ್ಲಿ ಇರುವುದು ಯಾವುದು? ಈ ಸಾಲಿನ ಪ್ರಕಾರ ಹಳ್ಳ. ಯಜಮಾನರಿಗೆ ಬೇಕಿದ್ದು ದಾರಿ. ನಕಾಶೆ ಕಂಡ ದಾರಿಯಾದರೆ ಅದನ್ನು ಯಾರೂ ಮುಚ್ಚುವಂತಿಲ್ಲ. ನಕ್ಷೆಯಲ್ಲಿ ಇಲ್ಲದ ದಾರಿಯಾದರೆ ಹಕ್ಕು ಸಾಬೀತು ಮಾಡುವ ಬೇರೆಯೇ ಗೋಳು.

ನಾನು ಅರ್ಜಿ ಪಕ್ಕಕ್ಕಿಟ್ಟು, 'ಬಾಯಲ್ಲಿ ಹೇಳಿ ಯಜಮಾನ್ರೇ' ಅಂದೆ.

'ನಕಾಶೆಯಲ್ಲಿ ನಮ್ ಹೊಲಕ್ಕೆ ದಾರಿ ಐತೆ ಕಣಪ್ಪ. ಹಳ್ಳದ ತಾವ ಪಕ್ಕದ ಹೊಲದೋರು ಬೇಲಿ ಹಾಕವ್ರೆ. ಗಾಡಿ ಹೋಗಕ್ಕಾಗಲ್ಲ.'

ಒಂದು ಬಾಲವೂ ಜಾಗ ತಪ್ಪಿರಲಿಲ್ಲ. 'ನಿಟ್ಟಿನಲ್ಲಿ' ಇರಲೇ ಇಲ್ಲ. ಹೇಳಿದ್ದನ್ನೇ ಬರೆದೆವು: 'ಗ್ರಾಮ ನಕ್ಷೆಯಲ್ಲಿ ನಮ್ಮ ಹೊಲಕ್ಕೆ ದಾರಿ ಇದೆ. ಆ ದಾರಿಗೆ ಹಳ್ಳದ ಬಳಿ ಪಕ್ಕದ ಜಮೀನಿನವರು ಬೇಲಿ ಹಾಕಿದ್ದಾರೆ. ಗಾಡಿ ಹೋಗುತ್ತಿಲ್ಲ. ಬೇಲಿ ತೆಗೆಸಿಕೊಡಿ.' ಕೆಳಗೆ ಸರ್ವೆ ನಂಬರ್, ನಕ್ಷೆಯ ಪ್ರತಿ, ಸಹಿ.

ಸರ್ವೇಯರ್ ಬಂದ ದಿನ ಯಾರನ್ನೂ ಕೇಳದೆ ನೇರ ಹಳ್ಳದ ಬಳಿಗೇ ಹೋದರಂತೆ. ಅಳತೆ ಆಗಿದೆ. ಬೇಲಿ ಇನ್ನೂ ಇದೆ.