ಸೆನ್ಸರ್ ಸುಳ್ಳು ಹೇಳಿದಾಗ

ಹಾರ್ಡ್‌ವೇರ್ ಪೂರ್ತಿ ಸತ್ತುಹೋದರೆ ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಅಷ್ಟೇನೂ ಚಿಂತೆ ಇಲ್ಲ. ಸ್ಕ್ರೀನ್ ಕಪ್ಪಾಗುತ್ತೆ, ಫ್ಯಾನ್ ನಿಲ್ಲುತ್ತೆ, ಎಲ್ಲರಿಗೂ ಗೊತ್ತಾಗುತ್ತೆ. ತಲೆನೋವು ಶುರುವಾಗೋದು ಅದು ಅರ್ಧ ಕೆಟ್ಟು, ಆದರೂ ಕೆಲಸ ಮಾಡ್ತಾ, ತಪ್ಪು ಉತ್ತರ ಕೊಡುವಾಗ.

ವಾಯೇಜರ್-1 ಕಥೆ ಗೊತ್ತಿರಬಹುದು. 1977ರಲ್ಲಿ ಹೊರಟ ನೌಕೆ, 2023ರ ನವೆಂಬರ್‌ನಲ್ಲಿ ಅರ್ಥವಿಲ್ಲದ ಡೇಟಾ ಕಳಿಸತೊಡಗಿತು. ನಾಸಾದವರು ಅದರ ಒಂದು ಕಂಪ್ಯೂಟರಿನ ಮೆಮೊರಿಯನ್ನು ತರಿಸಿಕೊಂಡು, ಕೆಡುವ ಮುಂಚೆ ಬಂದಿದ್ದ ಪ್ರತಿಯ ಜೊತೆ ಹೋಲಿಸಿದರು. ಶೇ 3ರಷ್ಟು ಮೆಮೊರಿ ಹಾಳಾಗಿತ್ತು. ಒಂದು ಚಿಪ್ಪಿನ ಕೆಲಸ. ಬದಲಿಸೋಣ ಅಂದ್ರೆ ನೌಕೆ ಆಗ ಇದ್ದದ್ದು 2,400 ಕೋಟಿ ಕಿ.ಮೀ. ಆಚೆ. ಸಂದೇಶ ಮುಟ್ಟೋಕೇ ಇಪ್ಪತ್ತೆರಡೂವರೆ ಗಂಟೆ ಬೇಕಿತ್ತು. ಅಲ್ಲಿದ್ದ ಕೋಡನ್ನು ಬೇರೆಡೆ ಇಡೋಣವೆಂದರೆ ಅಷ್ಟು ದೊಡ್ಡ ಜಾಗ ಒಂದೇ ಕಡೆ ಇರಲಿಲ್ಲ. ತುಂಡು ಮಾಡಿ, ಸಿಕ್ಕ ಸಿಕ್ಕ ಸಂದಿಯಲ್ಲಿ ತುರುಕಿ, ವಿಳಾಸಗಳನ್ನೆಲ್ಲ ತಿದ್ದಿದರು. 2024ರ ಏಪ್ರಿಲ್ 20ಕ್ಕೆ ನೌಕೆ ಮತ್ತೆ ನೆಟ್ಟಗೆ ಮಾತಾಡಿತು.

ಈ ಕಥೆ ಬಂದಾಗೆಲ್ಲ ಟೀಮಿನಲ್ಲಿ ಎಲ್ಲರೂ ಕೋಡ್ ತುರುಕಿದ್ದನ್ನೇ ಹೊಗಳ್ತಾರೆ. ನನಗೆ ಇಷ್ಟ ಆಗೋದು ಅದಕ್ಕೂ ಮುಂಚಿನದು, ಹೋಲಿಸಿ ನೋಡಿದ್ದು.

ಹೋಲಿಸದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬೋಯಿಂಗ್ 737 ಮ್ಯಾಕ್ಸ್ ಇದೆ. ಎದುರುಗಾಳಿಗೆ ವಿಮಾನ ಯಾವ ಕೋನದಲ್ಲಿದೆ ಎಂದು ಅಳೆಯುವ ಸೆನ್ಸರ್ ಅದರಲ್ಲಿ ಎರಡಿದ್ದವು. ಎಂಸಿಎಎಸ್ ಅನ್ನೋ ಸಾಫ್ಟ್‌ವೇರ್ ಕೇಳ್ತಿದ್ದದ್ದು ಒಂದರ ಮಾತು. 2018ರಲ್ಲಿ ಇಂಡೋನೇಷ್ಯಾದಲ್ಲಿ, 2019ರಲ್ಲಿ ಇಥಿಯೋಪಿಯಾದಲ್ಲಿ ಅದು ತಪ್ಪು ಹೇಳಿತು. ಸಾಫ್ಟ್‌ವೇರ್ ನಂಬಿಕೊಂಡು ವಿಮಾನದ ಮೂತಿಯನ್ನು ಮತ್ತೆ ಮತ್ತೆ ಕೆಳಗೆ ಒತ್ತಿತು. 346 ಜನ ಹೋದರು. ಆಚೆ ಬದಿಯ ಸೆನ್ಸರ್ ಸರಿಯಾಗೇ ಇತ್ತು.

ಅಷ್ಟು ದೂರ ಯಾಕೆ, ನಮ್ಮೂರ ಡೈರಿ ತಗೊಳ್ಳಿ. ಸ್ಯಾಂಪಲ್ ಇಟ್ರೆ ಮಿಷನ್ ಫ್ಯಾಟ್, ಎಸ್‌ಎನ್‌ಎಫ್ ತೋರಿಸುತ್ತೆ, ಕಂಪ್ಯೂಟರ್ ದರ ಕಟ್ಟಿ ಚೀಟಿ ಕೊಡುತ್ತೆ. ಒಂದು ಬೆಳಿಗ್ಗೆ ಅವ್ವನ ಚೀಟಿಯಲ್ಲಿ 4.1 ಇರ್ತಿದ್ದ ಫ್ಯಾಟ್ 2.9 ಆಗಿತ್ತು. ದುಡ್ಡು ಹೋದದ್ದಕ್ಕಿಂತ ಅವಳಿಗೆ ಉರಿದದ್ದು ಎಲ್ಲರ ಮುಂದೆ 'ಏನಕ್ಕಾ, ನೀರು ಜಾಸ್ತಿ ಆಯ್ತಾ' ಅನ್ನಿಸಿಕೊಂಡದ್ದು. ಫೋನಿನಲ್ಲಿ 'ನಾನ್ಯಾಕ್ಲಾ ನೀರು ಹಾಕ್ಲಿ' ಅಂತ ಅತ್ತಳು. ಆಮೇಲೆ ನೋಡಿದ್ರೆ, ಅವಳ ಹಿಂದೆ ನಿಂತಿದ್ದ ಇಪ್ಪತ್ತು ಮನೆಯವರಿಗೂ ಫ್ಯಾಟ್ ಬಿದ್ದಿತ್ತು. ಮಿಷನ್ನಿನ ಕೊಳವೆಯಲ್ಲಿ ಜಿಡ್ಡು ಕಟ್ಟಿತ್ತಂತೆ. ತೊಳೆದ ಮೇಲೆ ಸರಿಹೋಯ್ತು. ಅವತ್ತಿನ ಚೀಟಿ ಮಾತ್ರ ಬದಲಾಗಲಿಲ್ಲ. 'ಕಂಪ್ಯೂಟರ್‌ನಲ್ಲಿ ಬಂದಿರೋದು, ನಾವೇನ್ ಮಾಡಕ್ಕಾಗುತ್ತೆ?'

ಕೊಳವೆ ಅಂದ್ಮೇಲೆ ಜಿಡ್ಡು ಕಟ್ಟೇ ಕಟ್ಟುತ್ತೆ, ಬಿಡಿ. ಆದರೆ ಆ ಕಂಪ್ಯೂಟರಿನ ಹತ್ತಿರ ನೆನ್ನೆ, ಮೊನ್ನೆ, ಹೋದ ತಿಂಗಳ ಎಲ್ಲರ ಲೆಕ್ಕವೂ ಇತ್ತಲ್ಲ! ಒಂದು ಮನೆಯವರು ನೀರು ಹಾಕಬಹುದು, ಒಂದು ಹಸು ಮೇವು ಬಿಡಬಹುದು. ಇಡೀ ಕ್ಯೂ ಒಂದೇ ಬೆಳಿಗ್ಗೆ ಒಟ್ಟಿಗೆ ನೀರು ಬೆರೆಸುತ್ತಾ? ಇಷ್ಟು ಕೇಳೋಕೆ ಹತ್ತು ಲೈನ್ ಕೋಡ್ ಸಾಕು.

ಇದನ್ನ ಆಫೀಸಲ್ಲಿ ಹೇಳಿದ್ರೆ ಪಕ್ಕದ ಸೀಟಿನವನು, 'ಬೆಳಿಗ್ಗೆ ಆರೂವರೆಗೆ ಮಿಷನ್ ನಿಲ್ಸಿಬಿಟ್ರೆ ಹಾಲು ಕೆಟ್ಟುಹೋಗಲ್ವಾ?' ಅಂದ. ಪ್ರಶ್ನೆ ನ್ಯಾಯವಾಗೇ ಇದೆ. ನಿಲ್ಲಿಸೋದು ಬೇಡ. ಹಾಲು ತಗೊಳ್ಳಲಿ, ಲೀಟರ್ ಬರೆಯಲಿ, ಸ್ಯಾಂಪಲ್ ಎತ್ತಿಡಲಿ. ಚೀಟಿಯಲ್ಲಿ ಫ್ಯಾಟ್ ಅನ್ನೋ ಕಡೆ 'ಮಿಷನ್ ಪರೀಕ್ಷೆ ಬಾಕಿ' ಅಂತ ಅಚ್ಚಾಗಲಿ. ಅವ್ವನಿಗೆ ಕನ್ನಡ ಓದೋಕೆ ಬರುತ್ತೆ.